ಪೆಟ್ಟಿಗೆ ಖಾಲಿ ಎಂದು ಬರೆದವಳು

ಶಾಲೆಯ ಕಚೇರಿ, ಮಧ್ಯಾಹ್ನದ ವಿರಾಮ
ಶುಕ್ರವಾರ, ಮಾರ್ಚ್ ೬

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೆ? ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕಡೆ ದಿನವಿಡೀ ನಿಂತೇ ಇರಬೇಕು, ಮೇಲ್ವಿಚಾರಕಿಗೂ ಒಂದು ಸ್ಟೂಲು ಕೊಡುವುದಿಲ್ಲ ಎಂದು ಹೋದ ವರ್ಷ ನೀನು ಹೇಳಿದ್ದೆ. ಈಗಲಾದರೂ ಕೊಟ್ಟರೋ ಇಲ್ಲವೋ. ದೂಳಿಗೆ ಬರುವ ಕೆಮ್ಮಿಗೆ ಬಿಸಿನೀರು ಬಿಟ್ಟು ಬೇರೇನನ್ನಾದರೂ ತೆಗೆದುಕೊಳ್ಳುತ್ತಿದ್ದೀಯೋ ಇಲ್ಲವೋ. ನೋಡು, ಕೇಳಬೇಕಾದದ್ದನ್ನು ಕೇಳಲು ಬಾಯಿ ಬಾರದೆ ಮಂಡಿ, ಕೆಮ್ಮು ಎಂದು ಸುತ್ತಿ ಬಳಸುತ್ತಿದ್ದೇನೆ. ಚೂಟಿ ಹೇಗಿದ್ದಾಳೆ? ಊಟ ಮಾಡುತ್ತಿದ್ದಾಳೆಯೆ? ತಟ್ಟೆ ಮುಂದಿಟ್ಟಾಗ ಈಗಲೂ ಗೋಡೆ ನೋಡುತ್ತಾಳೆಯೆ? ನೀನು ಫೋನ್ ಎತ್ತುವುದಿಲ್ಲ. ಎತ್ತಬೇಡ. ಫೋನಿನಲ್ಲಾದರೆ ನಾನು ಅತ್ತುಬಿಡುತ್ತೇನೆ, ನೀನು ಇಟ್ಟುಬಿಡುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ. ಹರಿಯುವುದಿದ್ದರೂ ಓದಿಯಾದ ಮೇಲೆ ಹರಿ.

ಓದಲೆಂದು ನನ್ನ ಮನೆಯಲ್ಲಿ ಬಿಟ್ಟಿದ್ದ ಮಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಬಾಡಿಗೆ ಕಾರಿನಲ್ಲಿ ಕೂರಿಸಿ, ಹೊದಿಕೆ ಸರಿಮಾಡಿ, ನನ್ನ ಕಡೆ ತಿರುಗಿ ನೀನು ಹೇಳಿದ್ದು ಒಂದೇ ಮಾತು. "ನಿನ್ನ ಕೈಲಿ ಕೊಟ್ಟಿದ್ದೆ ಕಣೆ." ಏಳು ವಾರವಾಯಿತು. ಕಚೇರಿಯಲ್ಲಿ ಹಾಜರಿ ಕೂಡಿಸುವಾಗ, ಬಸ್ಸಿಗೆ ಕಾಯುವಾಗ, ಪಾತ್ರೆ ಉಜ್ಜುವಾಗ ಆ ಮಾತು ಕಿವಿಯಲ್ಲಿ ಕೂತಿರುತ್ತದೆ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ನೀನು ಚಿಕ್ಕಂದಿನಿಂದಲೂ ಹಾಗೇ, ಹೊಡೆಯುವವಳಲ್ಲ, ಒಂದು ಮಾತು ಹೇಳಿ ಹೋಗಿಬಿಡುವವಳು. ಈಗ ನನ್ನ ಸರದಿ. ಏನಾಯಿತು ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದು ಅರ್ಧ. ಉಳಿದರ್ಧವನ್ನು ಆಸ್ಪತ್ರೆಯಲ್ಲಿ ನಾನೇ ಮುಚ್ಚಿಟ್ಟಿದ್ದೆ.

ಜುಲೈ ಮೊದಲ ವಾರ ಮೇಲಿನ ಕಚೇರಿಯಿಂದ ಶಾಲೆಗೆ ಒಂದು ದೊಡ್ಡ ಹಳದಿ ಡಬ್ಬ ಬಂತು. ಮಕ್ಕಳ ಸುರಕ್ಷತೆಗೆ, ಹರೆಯದವರ ಮನಸ್ಸಿನ ಆರೋಗ್ಯಕ್ಕೆ ಎಂದು ಮೇಲೆ ಅಚ್ಚಾಗಿತ್ತು. ಒಳಗೆ ಹನ್ನೆರಡು ಮುಖಗಳ ಒಂದು ಗೋಡೆಪಟ, ಅದೇ ಮುಖಗಳ ಕಾರ್ಡುಗಳು, ಯಾರು ಎಲ್ಲಿ ಮುಟ್ಟಿದರೆ ಬೇಡ ಎನ್ನಬೇಕು ಎಂದು ಚಿಕ್ಕ ಮಕ್ಕಳಿಗೆ ತೋರಿಸಲು ದೊಡ್ಡ ಹಾಳೆಗಳ ಒಂದು ಪುಸ್ತಕ, ದೊಡ್ಡ ಮಕ್ಕಳು ತುಂಬಬೇಕಾದ ಹಾಳೆಗಳು, ಶಿಕ್ಷಕರಿಗೊಂದು ಕೈಪಿಡಿ. ಎಲ್ಲಕ್ಕಿಂತ ಕೆಳಗೆ ಹತ್ತಿಯಲ್ಲಿ ಸುತ್ತಿದ ಆಕಾಶನೀಲಿ ತಗಡಿನ ಪೆಟ್ಟಿಗೆ. ಮೇಲೆ ಸೀಳುಬಾಯಿ, ಕೆಳಗೆ ಪುಟ್ಟ ಬೀಗ, ಎದೆಯ ಮೇಲೆ ಬಿಳಿ ಅಕ್ಷರದಲ್ಲಿ "ನಿಮ್ಮ ಮಾತು, ನಮ್ಮ ಕಿವಿ." ಡಬ್ಬದ ಹಿಂದೆಯೇ ತರಬೇತಿ ಕೊಡಲು ಒಬ್ಬಳು ಹುಡುಗಿ ಬಂದಳು. ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರಲಿಕ್ಕಿಲ್ಲ, ಬೆನ್ನಿಗೆ ಚೀಲ, ಧ್ವನಿ ಮಾತ್ರ ಗಟ್ಟಿ. ಎರಡು ದಿನ ಹೇಳಿಕೊಟ್ಟಳು. ಹಿಂದಿನ ಬೆಂಚಿನಲ್ಲಿ ನಮ್ಮ ಶಿಕ್ಷಕರು ಉತ್ತರಪತ್ರಿಕೆ ತಿದ್ದುತ್ತಿದ್ದರು. "ಮುಖ ತೋರ್ಸಿದ್ರೆ ಸಿಲಬಸ್ ಮುಗಿಯುತ್ತಾ ಮೇಡಂ?" ಎಂದು ಗಣಿತದವರು ಕೇಳಿ ಎಲ್ಲರನ್ನೂ ನಗಿಸಿದರು. ನಾನು ಗುಮಾಸ್ತೆ, ಹಾಜರಿಗೆ ಸಹಿ ಹಾಕಿಸಿಕೊಳ್ಳಲು ಕೂತವಳು. ಇಡೀ ಕೋಣೆಯಲ್ಲಿ ಕಿವಿಗೊಟ್ಟು ಕೇಳಿದವಳು ಬಹುಶಃ ನಾನೊಬ್ಬಳೇ.

ನನಗೆ ಇಷ್ಟವಾಯಿತು ಅಕ್ಕ, ಸುಳ್ಳು ಹೇಳುವುದಿಲ್ಲ. ಸಿಟ್ಟು, ಹೆದರಿಕೆ, ನಾಚಿಕೆ, ಒಂಟಿತನ, ಹೊಟ್ಟೆಕಿಚ್ಚು, ಒಂದೊಂದಕ್ಕೂ ಒಂದು ಮುಖ, ಒಂದು ಹೆಸರು. ಹನ್ನೆರಡನೆಯದಕ್ಕೆ ಬಾಯಿಯ ಜಾಗದಲ್ಲಿ ಒಂದು ನೇರ ಗೆರೆ, ಕೆಳಗೆ "ಏನೂ ಅನ್ನಿಸುತ್ತಿಲ್ಲ" ಎಂದು. ನಾವು ಬೆಳೆಯುವಾಗ ನಮಗಿದ್ದದ್ದು ಎರಡೇ ಮುಖ, ಅಪ್ಪ ಮನೆಯಲ್ಲಿದ್ದಾಗಿನದು, ಅಪ್ಪ ಹೊರಗೆ ಹೋದಾಗಿನದು. ನೆನಪಿದೆಯಲ್ಲ? ಊಟದ ಹೊತ್ತಿಗೆ ಆ ಹುಡುಗಿ ನನ್ನ ಮೇಜಿನ ಬಳಿ ಬಂದು ಡಬ್ಬಿ ಬಿಚ್ಚಿಕೊಂಡು ಕೂತಳು. "ಈ ಪೆಟ್ಟಿಗೆನ ಇಟ್ಟು ತೆಗೀದೇ ಇರೋದಕ್ಕಿಂತ ಇಡದೇ ಇರೋದೇ ವಾಸಿ ಆಂಟಿ," ಎಂದಳು. "ಮಕ್ಕಳು ಒಂದು ಸಲ ಹಾಕ್ತಾರೆ, ಎರಡು ಸಲ ಹಾಕ್ತಾರೆ. ಯಾರೂ ಏನೂ ಕೇಳ್ಲಿಲ್ಲ ಅಂದ್ರೆ ಮತ್ತೆ ಯಾರಿಗೂ ಹೇಳಲ್ಲ." ನಾನು ತಲೆಯಾಡಿಸಿದೆ. ನನ್ನ ಡಬ್ಬಿಯಿಂದ ಅರ್ಧ ಮೊಟ್ಟೆಯನ್ನು ಅವಳಿಗೆ ಕೊಟ್ಟೆ.

ನಿಯಮ ಸರಳವಾಗಿತ್ತು. ಪ್ರತಿ ಶುಕ್ರವಾರ ಇಬ್ಬರು ಸೇರಿ ಬೀಗ ತೆಗೆಯಬೇಕು, ಚೀಟಿಗಳನ್ನು ಓದಬೇಕು, ಏನು ಕ್ರಮ ಕೈಗೊಂಡಿರಿ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು, ತಿಂಗಳಿಗೊಮ್ಮೆ ಮೇಲಿನ ಕಚೇರಿಗೆ ವರದಿ ಹೋಗಬೇಕು. ಕೀಲಿ ಇಟ್ಟುಕೊಳ್ಳಲು ಶಿಕ್ಷಕರ ಪೈಕಿ ಒಬ್ಬರೂ ಮುಂದೆ ಬರಲಿಲ್ಲ. ಹೆಡ್ ಮೇಡಂ ನನ್ನ ಕಡೆ ನೋಡಿದರು. ನನ್ನ ಕಿಟಕಿಯ ಹೊರಗೇ ಪೆಟ್ಟಿಗೆಗೆ ಮೊಳೆ ಹೊಡೆದರು, ಕೂತಲ್ಲಿಂದ ನಾಲ್ಕು ಹೆಜ್ಜೆ. ಮೊದಲ ಶುಕ್ರವಾರ ಚಾಕಲೇಟಿನ ಕಾಗದ, ಯಾರದೋ ಮೀಸೆಯ ಚಿತ್ರ. ಎರಡನೆಯ ಶುಕ್ರವಾರ ಒಂದೇ ಚೀಟಿ, "ಹುಡುಗೀರ ಟಾಯ್ಲೆಟ್‌ಗೆ ಚಿಲಕ ಇಲ್ಲ, ಒಬ್ಬರು ಹೋದರೆ ಇನ್ನೊಬ್ಬರು ಬಾಗಿಲು ಹಿಡೀಬೇಕು." ಅದನ್ನು ಓದಿ ಹೆಡ್ ಮೇಡಂ ಮುಖ ಕೆಂಪಾಯಿತು. "ಇದನ್ನ ವರದೀಲಿ ಬರೆದ್ರೆ ನಾಳೆ ನನ್ನನ್ನೇ ಕೇಳ್ತಾರೆ. ಖಾಲಿ ಅಂತ ಬರೀರಿ," ಎಂದರು. ಬರೆದೆ. ಚಿಲಕ ಹಾಕಿಸಿದರು, ಅದು ಬೇರೆ ಮಾತು. ಮೂರನೆಯ ಶುಕ್ರವಾರ "ಈ ವಾರ ಪುರುಸೊತ್ತಿಲ್ಲ, ಖಾಲಿ ಅಂತ ಹಾಕಿಬಿಡಿ," ಎಂದರು. ನಾಲ್ಕನೆಯ ಶುಕ್ರವಾರ ಅವರು ಹೇಳುವ ಅಗತ್ಯವೇ ಬೀಳಲಿಲ್ಲ. ಬೀಗ ಮುಟ್ಟದೆ, ಕುರ್ಚಿಯಿಂದ ಏಳದೆ, ಚಹಾ ಕುಡಿಯುತ್ತಾ ನಾನೇ "ಪೆಟ್ಟಿಗೆ ಖಾಲಿ" ಎಂದು ಬರೆದೆ. ಹಾಗೆ ಇಪ್ಪತ್ತಮೂರು ವಾರ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಇಪ್ಪತ್ತಮೂರು ಸಾಲು, ಒಂದರ ಕೆಳಗೊಂದು, ಮುತ್ತು ಪೋಣಿಸಿದ ಹಾಗೆ.

ಈಗ ಓಟದ ಮೇಷ್ಟ್ರ ವಿಷಯ. ಅವರು ಹೋದ ಜೂನಿನಲ್ಲಿ ಬಂದಾಗ ಇಡೀ ಶಾಲೆಯೇ ಎದ್ದು ನಿಂತಿತ್ತು. ಹಿಂದಿನ ಶಾಲೆಗೆ ಮೂರು ವರ್ಷದಲ್ಲಿ ಐದು ಷೀಲ್ಡ್ ತಂದುಕೊಟ್ಟವರು. ಚೂಟಿ ಓಡುವುದನ್ನು ಮೊದಲ ದಿನ ನೋಡಿದವರೇ ಕಚೇರಿಗೆ ಬಂದು, "ನಿಮ್ಮ ಹುಡುಗಿ ಕಾಲಲ್ಲಿ ಸ್ಪ್ರಿಂಗ್ ಇದೆ, ನಂಗೆ ಬಿಟ್ಬಿಡಿ," ಎಂದರು. ನಾನು ಹಿಗ್ಗಿದೆ. ಅದೇ ಮಧ್ಯಾಹ್ನ ನಿನಗೆ ಫೋನ್ ಮಾಡಿದ್ದೆ, ನೀನೂ ಹಿಗ್ಗಿದ್ದೆ. ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಆಟದ ಸಾಮಾನಿನ ಕೋಣೆಯ ಮುಂದೆ ಒಂದು ತೂಕದ ಯಂತ್ರ ಬರತೊಡಗಿತು. ಹುಡುಗಿಯರು ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬಳ ತೂಕವನ್ನು ಅವರು ಗಟ್ಟಿಯಾಗಿ ಕೂಗಿ ಹಲಗೆಯ ಮೇಲೆ ಬರೆಯುವರು. ಹಿಂದಿನ ವಾರಕ್ಕಿಂತ ಹೆಚ್ಚಿದ್ದರೆ ಅಂಕಿಯ ಸುತ್ತ ಬಳೆ. ಬಳೆ ಬಿದ್ದವರು ಹತ್ತು ಸುತ್ತು ಹೆಚ್ಚಿಗೆ ಓಡಬೇಕು, ಉಳಿದವರು ಕೂತು ಎಣಿಸಬೇಕು. ವಾರವಿಡೀ ಹೆಸರು ಕರೆಯುವುದಿಲ್ಲ, ಅಂಕಿಯಿಂದಲೇ ಕರೆಯುವುದು. "ನಲವತ್ತೊಂಬತ್ತು, ಬಾ ಇಲ್ಲಿ. ಏನು, ಮನೇಲಿ ಕಬ್ಬಿಣದ ಬೀರು ನುಂಗಿದ್ಯಾ?" ನನ್ನ ಕಿಟಕಿಗೆ ಎಲ್ಲವೂ ಕೇಳಿಸುತ್ತಿತ್ತು ಅಕ್ಕ. ನಾನೂ ಒಂದೆರಡು ಸಲ ನಕ್ಕಿದ್ದೇನೆ. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ಚೂಟಿಯದು ಮೊದಲ ವಾರ ನಲವತ್ತೇಳು. ನಿನ್ನ ಮಗಳು, ಹೇಳಿದ್ದನ್ನು ಹತ್ತು ಪಾಲು ಮಾಡುವವಳು. ಬೆಳಿಗ್ಗೆ ಬ್ರೆಡ್ಡು ಬಿಟ್ಟಳು, ಹಾಲು ಬಿಟ್ಟಳು, ರಾತ್ರಿ "ಶಾಲೇಲೇ ತಿಂದೆ ಚಿಕ್ಕಮ್ಮ" ಎಂದು ಶುರುಮಾಡಿದಳು. ಡಬ್ಬಿ ಮಾತ್ರ ದಿನವೂ ಖಾಲಿಯಾಗಿ ಬರುತ್ತಿತ್ತು. ಪಕ್ಕದ ಮನೆಯ ನಾಯಿ ದಿನದಿಂದ ದಿನಕ್ಕೆ ಉಬ್ಬಿತು. ಆ ಮನೆಯ ಅಜ್ಜ ಅದು ಮರಿ ಹಾಕುತ್ತದೆ ಎಂದು ಹಳೆ ಬಟ್ಟೆ ಹೊಂದಿಸಿಟ್ಟಿದ್ದರು, ಗಂಡು ನಾಯಿ ಎಂಬುದನ್ನೂ ಮರೆತು. ಆಗ ನಾವೆಲ್ಲ ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು. ಮೊದಲು ಗುರುತಿಸಿದವರು ನಮ್ಮವರು. ಬಸ್ಸಿನಲ್ಲಿ ದಿನಕ್ಕೆ ಸಾವಿರ ಜನರ ಮುಖ ನೋಡುವ ಕಂಡಕ್ಟರು, ಅವರಿಗೆ ಕಂಡಿತು. "ಹುಡುಗಿ ಸರಿ ಇಲ್ಲ ಕಣೆ, ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೋತಾಳೆ," ಎಂದರು. "ಓಡೋ ಮಕ್ಕಳು ಹಾಗೇ ಇರ್ತಾರೆ, ನಿಮಗೇನು ಗೊತ್ತು," ಎಂದು ಬಾಯಿ ಮುಚ್ಚಿಸಿದೆ. ಅಷ್ಟೇ ಅಲ್ಲ. ಅವಳ ಹಳೆಯ ಲಂಗಕ್ಕೆ ನಾನೇ ಹೊಲಿಗೆ ಹಿಡಿದು ಚಿಕ್ಕದು ಮಾಡಿಕೊಟ್ಟೆ, ಎರಡು ಸಲ. ಪಿನ್ನು ಬಾಯಲ್ಲಿ ಕಚ್ಚಿಕೊಂಡು, "ಎಷ್ಟು ಚೆನ್ನಾಗಿ ತೆಳ್ಳಗಾಗಿದ್ದೀಯೆ, ನನಗೂ ಸ್ವಲ್ಪ ಹೇಳಿಕೊಡು," ಎಂದೆ.

ಒಮ್ಮೆ ಮಾತ್ರ ಅವಳು ಬಾಯಿ ತೆರೆದಿದ್ದಳು. ಅಡುಗೆಮನೆಯ ಬಾಗಿಲಿಗೆ ಒರಗಿ, "ಮೇಷ್ಟ್ರು ಸ್ವಲ್ಪ ಜಾಸ್ತಿ ಬೈತಾರೆ ಚಿಕ್ಕಮ್ಮ," ಎಂದಳು. ನಾನು ಒಲೆಯ ಕಡೆ ಮುಖಮಾಡಿಕೊಂಡೇ, "ಬೈಯೋರು ಒಳ್ಳೇದಕ್ಕೇ ಬೈತಾರೆ, ಅವರಂಥೋರು ಸಿಗೋದು ನಿನ್ನ ಪುಣ್ಯ," ಎಂದೆ. ಅವಳು ಓಟದ ಬೂಟು ಎತ್ತಿಕೊಂಡು ಹೊರಗೆ ಹೋದಳು. ಈಗ ನಿನ್ನದೂ ಒಂದು ಮಾತು ಹೇಳಲೇ? ಸಿಟ್ಟಾಗುವುದಾದರೆ ಆಗು. ಪ್ರತಿ ಭಾನುವಾರ ನೀನು ಫೋನ್ ಮಾಡಿ ಅವಳನ್ನು ಮೊದಲು ಕೇಳುತ್ತಿದ್ದದ್ದು ಏನು? "ಎಷ್ಟು ಸೆಕೆಂಡು ಕಡಿಮೆ ಆಯ್ತು?" ಊಟ ಆಯಿತೇ ಎಂದು ನೀನೂ ಕೇಳಲಿಲ್ಲ. ದೂರ ಇದ್ದವಳಿಗೆ ಕಾಣುವುದಿಲ್ಲ, ಒಪ್ಪುತ್ತೇನೆ. ಹತ್ತಿರ ಇದ್ದವಳಿಗೆ ಕಾಣಲಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ನಾವಿಬ್ಬರೂ ಸೇರಿ ಆ ಮಗುವಿನ ಮುಂದೆ ಆ ಮನುಷ್ಯನನ್ನು ಹೊತ್ತು ಮೆರೆಸಿದೆವು. ಅವನ ಬಗ್ಗೆ ಅವಳು ಯಾರಿಗೆ ಹೇಳಬೇಕಾಗಿತ್ತು ಹೇಳು.

ಜನವರಿಯ ಪಂದ್ಯದ ದಿನ ನಾನು ಶಾಮಿಯಾನದ ಕೆಳಗೆ ಪ್ರಮಾಣಪತ್ರಗಳಿಗೆ ಹೆಸರು ಬರೆಯುತ್ತಾ ಕೂತಿದ್ದೆ. ಎಂಟುನೂರು ಮೀಟರು. ಮೊದಲ ಸುತ್ತಿನಲ್ಲಿ ಅವಳೇ ಮುಂದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಅವಳ ಕಾಲು ಅವಳದಲ್ಲ ಎಂಬಂತೆ ಪಕ್ಕಕ್ಕೆ ಹೋಯಿತು. ಬಿದ್ದಳು. ಎಲ್ಲರೂ ಎದ್ದು ನಿಂತರು. ಗೆರೆಯ ಪಕ್ಕದಲ್ಲಿದ್ದ ಮೇಷ್ಟ್ರು, "ಏಳು, ನಾಟಕ ಬೇಡ, ಏಳು," ಎಂದು ಕೂಗಿದ್ದು ನನಗೆ ಕೇಳಿಸಿತು. ನಾನು ಓಡಿದೆ. ನನ್ನ ಜನ್ಮದಲ್ಲಿ ಅಷ್ಟು ದೂರ ಓಡಿದವಳಲ್ಲ. ಎತ್ತಿಕೊಂಡೆ ಅಕ್ಕ, ಹದಿನಾಲ್ಕು ವರ್ಷದ ಹುಡುಗಿಯನ್ನು ಒಬ್ಬಳೇ ಎತ್ತಿಕೊಂಡೆ. ಒಗೆದು ಒಣಗಿದ ಬಟ್ಟೆಯ ಗಂಟು ಎತ್ತಿಕೊಂಡ ಹಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಯಂತ್ರದ ಮೇಲಿನ ಗೆರೆ ನೋಡಿ, "ಈ ಹೃದಯ ಇನ್ನೊಂದು ಸುತ್ತು ಓಡ್ತಿರ್ಲಿಲ್ಲ," ಎಂದರು. ಮೂವತ್ತಾರು ಕೆ.ಜಿ. ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ ಎಂದೂ ಹೇಳಿದರು. ಒಂದೇ ಮನೆ, ಒಂದೇ ಬಚ್ಚಲು, ನನಗೆ ಗೊತ್ತಿರಲಿಲ್ಲ.

ನೀನು ಮಾರನೆಯ ದಿನ ಬಂದೆ. ಯಾರಿಗೂ ಯಾಕೆ ಹೇಳಲಿಲ್ಲ ಎಂದು ನೀನು ಅವಳನ್ನು ಕೇಳಿದಾಗ ಅವಳು ಗೋಡೆಯ ಕಡೆ ತಿರುಗಿ, "ಪೆಟ್ಟಿಗೆಗೆ ಹಾಕಿದ್ದೆ," ಎಂದಳು. ಯಾವ ಪೆಟ್ಟಿಗೆ, ಕೀಲಿ ಯಾರ ಹತ್ತಿರ ಎಂದು ನೀನು, ಅವಳನ್ನು ನೋಡಲು ಬಂದಿದ್ದ ಹೆಡ್ ಮೇಡಂ ಅವರನ್ನು ಕೇಳಿದೆ. "ಕಚೇರೀಲಿರುತ್ತೆ," ಎಂದರು ಅವರು. ಅವರ ಹತ್ತಿರವೇ ಇರುತ್ತದೆ ಎಂದು ನೀನು ತಿಳಿದುಕೊಂಡೆ. ನಾನು ಪಕ್ಕದಲ್ಲೇ ನಿಂತಿದ್ದೆ, ಗ್ಲೂಕೋಸಿನ ಬಾಟಲಿ ನೋಡುತ್ತಾ. ಅಕ್ಕ, ಕೀಲಿ ನನ್ನ ಹತ್ತಿರ ಇತ್ತು. ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ, ಸ್ಟೇಪ್ಲರಿನ ಪಿನ್ನುಗಳ ಡಬ್ಬಿಯ ಕೆಳಗೆ. ಆ ಹೊತ್ತಿಗೆ ನಿನಗೆ ಹೇಳದೆ ಇದ್ದದ್ದು ಹೆದರಿಕೆಯಿಂದ. ಅದಕ್ಕೆ ಬೇರೆ ಚಂದದ ಹೆಸರು ಹುಡುಕುವುದಿಲ್ಲ.

ನೀವಿಬ್ಬರೂ ಹೋದ ಮೇಲಿನ ಸೋಮವಾರ, ಇಬ್ಬರು ಇರಬೇಕು ಎಂಬ ನಿಯಮ ನೆನಪಾಗಿ, ಕಸ ಗುಡಿಸುವ ಆಯಾಳನ್ನು ಕರೆದು ನಿಲ್ಲಿಸಿಕೊಂಡು ಬೀಗ ತೆಗೆದೆ. ತುಕ್ಕು ಹಿಡಿದಿತ್ತು, ಕೀಲಿ ಎರಡು ಸಲ ಜಾರಿತು. ಚೀಟಿಗಳು ಮಡಿಲಿಗೆ ಸುರಿದವು. ಇಪ್ಪತ್ತೇಳು. ಆಯಾಗೆ ಓದು ಬಾರದು. "ಏನು ಬರೆದವ್ರಮ್ಮ ಮಕ್ಕಳು?" ಎಂದು ಕೇಳಿದಳು. ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಹರಡಿದೆ. ಒಂದು ಮಗು, ರಾತ್ರಿ ಮಲತಂದೆ ಬಾಗಿಲು ಬಡಿಯುತ್ತಾನೆ ಎಂದು ಬರೆದಿತ್ತು. ಒಂದು ಕೆಂಪು ಶಾಯಿಯಲ್ಲಿ, "ನಮ್ಮ ಮಾತು ಇಲ್ಲಿದೆ, ನಿಮ್ಮ ಕಿವಿ ಎಲ್ಲಿದೆ?" ಹನ್ನೊಂದು ಚೀಟಿ ಶನಿವಾರದ ತೂಕದ ಬಗ್ಗೆಯೇ. ಅದರಲ್ಲಿ ಐದು ಚೂಟಿಯವು. ಅವಳ "ಕ" ನಿನಗೆ ಗೊತ್ತಲ್ಲ, ಮೇಲಿನ ಗೆರೆಯನ್ನು ಬಾಲದ ಹಾಗೆ ಎಳೆಯುತ್ತಾಳೆ, ನಿನ್ನಂತೆಯೇ. ಮೊದಲನೆಯದರಲ್ಲಿ, "ಶನಿವಾರ ತೂಕ ಕೂಗೋದನ್ನ ನಿಲ್ಲಿಸೋಕೆ ಆಗುತ್ತಾ? ನನಗೋಸ್ಕರ ಅಲ್ಲ, ಎಲ್ಲರಿಗೂ." ಇನ್ನೊಂದರಲ್ಲಿ, "ತಲೆ ಸುತ್ತುತ್ತೆ. ಮೇಷ್ಟ್ರಿಗೆ ಹೇಳಬೇಡಿ, ಟೀಮಿಂದ ತೆಗೀತಾರೆ." ಇನ್ನೊಂದರಲ್ಲಿ, "ಮುಟ್ಟು ನಿಂತಿದೆ ಅಂತ ಹೇಳಿದ್ದಕ್ಕೆ ಮೇಷ್ಟ್ರು, ಒಳ್ಳೇದೇ ಆಯ್ತು, ಇನ್ನು ನೀನು ರಜೆ ಕೇಳಲ್ಲ ಅಂದ್ರು. ಒಳ್ಳೇದಾ?" ನಾಲ್ಕನೆಯದರಲ್ಲಿ ಅಕ್ಷರವೇ ಇಲ್ಲ. ತುಂಬಬೇಕಾದ ಹಾಳೆಯಿಂದ ಆ ಹನ್ನೆರಡನೆಯ ಮುಖವನ್ನು ಕತ್ತರಿಸಿ ಅಂಟಿಸಿದ್ದಾಳೆ, ಕೆಳಗೆ ೪೧ ಎಂದು ಬರೆದಿದ್ದಾಳೆ.

ಐದನೆಯದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. "ಚಿಕ್ಕಮ್ಮ, ಕೀಲಿ ನಿನ್ನ ಹತ್ರ ಇದೆ ಅಂತ ಗೊತ್ತು. ಇವನ್ನೆಲ್ಲ ನೀನು ಓದಿದೀಯ ಅಂತಾನೂ ಗೊತ್ತು. ಮನೇಲಿ ಏನೂ ಗೊತ್ತಿಲ್ಲದ ಹಾಗೆ ಇರ್ತೀಯಲ್ಲ, ಅದಕ್ಕೆ ಇನ್ಮೇಲೆ ಬರೆಯಲ್ಲ." ನವೆಂಬರ್ ಎರಡನೆಯ ವಾರದ ತಾರೀಖು ಹಾಕಿದ್ದಾಳೆ. ರಿಜಿಸ್ಟರಿನಲ್ಲಿ ಆ ವಾರದ ಸಾಲು ತೆಗೆದು ನೋಡಿದೆ. ಪೆಟ್ಟಿಗೆ ಖಾಲಿ. ಅವಳು ಗೋಡೆ ನೋಡುತ್ತಿದ್ದದ್ದು ಊಟದ ಮೇಲಿನ ಸಿಟ್ಟಿಗಲ್ಲ ಅಕ್ಕ. ಓದಿಯೂ ಸುಮ್ಮನಿದ್ದವಳು ಎಂದುಕೊಂಡು ನಾಲ್ಕು ಅಡಿ ದೂರದಿಂದ ನನ್ನನ್ನು ಎರಡು ತಿಂಗಳು ನೋಡಿದ್ದಾಳೆ. ನಾನು ಓದಿಯೇ ಇರಲಿಲ್ಲ ಎಂದು ಅವಳಿಗೆ ಹೇಳು ಎನ್ನಲೇ? ಅದು ಇದಕ್ಕಿಂತ ಯಾವ ರೀತಿಯಲ್ಲಿ ವಾಸಿ ಎಂದು ನನಗೇ ತಿಳಿಯುವುದಿಲ್ಲ.

ಚೀಟಿಗಳನ್ನು ಹೆಡ್ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ಮೂರು ಓದಿ ಕನ್ನಡಕ ತೆಗೆದರು. ಕೆಟ್ಟವರೆಂದು ಹೇಳಲಾರೆ, ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಕನ್ನಡಕ ಮತ್ತೆ ಹಾಕಿಕೊಂಡು, "ತಪಾಸಣೆ ಹದಿನೈದು ದಿನದಲ್ಲಿದೆ. ಇವನ್ನ ನೀವು ನೋಡಿಲ್ಲ, ನಾನು ನೋಡಿಲ್ಲ. ರಿಜಿಸ್ಟರಲ್ಲಿ ಇರೋದು ನಿಮ್ಮ ಕೈಬರಹ, ಅದನ್ನೂ ನೆನಪಿಟ್ಕೊಳ್ಳಿ," ಎಂದರು. ಹೆದರಿಸಿದರೋ, ಕಾಪಾಡಿದರೋ, ಎರಡೂ ಇರಬಹುದು. ನಾನು ಚೀಟಿಗಳನ್ನು ಎತ್ತಿಕೊಂಡು ಬಂದೆ, ಹೊರಗಿನ ಅಂಗಡಿಯಲ್ಲಿ ಮೂರು ಪ್ರತಿ ಮಾಡಿಸಿದೆ. ಒಂದನ್ನು ಆ ತರಬೇತಿಯ ಹುಡುಗಿಯ ವಿಳಾಸಕ್ಕೆ ಕಳಿಸಿದೆ. ಮಲತಂದೆಯ ವಿಷಯ ಬರೆದ ಮಗುವನ್ನು ಅವಳೇ ಬಂದು ಹುಡುಕಿದಳು. ಆ ಮಗು ಈಗ ಅಜ್ಜಿಯ ಮನೆಯಲ್ಲಿದೆ. ಇಷ್ಟರಲ್ಲಿ ಅದೊಂದೇ ಒಳ್ಳೆಯ ಸುದ್ದಿ. ನನ್ನ ಮುಖ ನೋಡಿ ಅವಳು, "ಹೇಳಿದ್ದೆನಲ್ಲ ಆಂಟಿ," ಎನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ತರಬೇತಿಯ ಹುಡುಗಿ ಮೇಲಿನ ಕಚೇರಿಗೆ ಬರೆದದ್ದರಿಂದಲೇ ಫೆಬ್ರವರಿಯಲ್ಲಿ ವಿಚಾರಣೆಗೆ ಮೂವರು ಬಂದರು. ಶಿಕ್ಷಕರ ಕೋಣೆಯಲ್ಲಿ ಕೂತರು. ಮೇಷ್ಟ್ರು ಒಳಗೆ ಹೋಗುವಾಗ ಕೈಯಲ್ಲಿ ಷೀಲ್ಡ್ ಇತ್ತು, ಒರೆಸಿ ಹೊಳಪು ಬರಿಸಿದ್ದರು. ಬಾಗಿಲು ತೆರೆದೇ ಇತ್ತು. "ತೂಕ ನೋಡೋದು ತಪ್ಪಾ ಸಾರ್? ಡಾಕ್ಟ್ರೂ ನೋಡ್ತಾರೆ. ನಾನು ಯಾರನ್ನೂ ಮುಟ್ಟಿಲ್ಲ. ಊಟ ಬಿಡು ಅಂತ ಒಂದು ದಿನ ಹೇಳಿಲ್ಲ," ಎಂದರು. ಮೂವರೂ ತಲೆದೂಗಿದರು. ಮುಟ್ಟಿಲ್ಲ ಎಂಬ ಒಂದು ಮಾತಿನಿಂದ ಎಲ್ಲ ತೊಳೆದುಹೋಯಿತು. ನನ್ನನ್ನು ಕರೆದಾಗ ಕೀಲಿಯ ವಿಷಯ, ರಿಜಿಸ್ಟರಿನ ವಿಷಯ ಹೇಳಿದೆ, ಯಾವುದನ್ನೂ ಬಿಡಲಿಲ್ಲ. ಹಿರಿಯ ಅಧಿಕಾರಿ ಬರೆದುಕೊಳ್ಳುತ್ತಿದ್ದ ಪೆನ್ನು ಮುಚ್ಚಿದರು. "ಅದನ್ನೆಲ್ಲ ಬರೆದ್ರೆ ನಿಮ್ಮ ಕೆಲಸ ಹೋಗುತ್ತಮ್ಮ. ಚೀಟೀಲಿ ಸಹಿ ಇಲ್ಲ, ತಂದೆತಾಯಿ ಒಬ್ಬರೂ ದೂರು ಕೊಟ್ಟಿಲ್ಲ. ಯಾರ ಮೇಲೆ ಏನು ಮಾಡೋಣ?" ಎಂದರು. ಉಳಿದ ಹುಡುಗಿಯರ ಮನೆಗಳಿಗೆ ನಾನೇ ಹೋದೆ. ಟೀಮಿನಲ್ಲಿ ಹೆಸರು ಉಳಿಯಲಿ ಎನ್ನುವವರು ಇಬ್ಬರು, ಹುಡುಗಿಯ ಹೆಸರು ಹಾಳಾಗುತ್ತದೆ ಎನ್ನುವವರು ಮೂವರು. ಒಬ್ಬ ತಾಯಿ ಬಾಗಿಲ ಸಂದಿಯಿಂದಲೇ, "ನಿಮ್ಮನೆ ಮಗೂದೇ ದೂರಿಲ್ಲ, ನಮ್ಮನ್ಯಾಕೆ ಕೇಳ್ತೀರ," ಎಂದಳು. ಅಂದೇ ದೂರಿನ ಅರ್ಜಿಯ ನಮೂನೆಯೊಂದನ್ನು ತಂದಿಟ್ಟುಕೊಂಡೆ.

ವಿಚಾರಣೆ ಮುಗಿದ ಹತ್ತನೆಯ ದಿನ ಮೇಲಿನ ಕಚೇರಿಯಿಂದ ಚೌಕಟ್ಟು ಹಾಕಿದ ಒಂದು ಪ್ರಶಂಸಾಪತ್ರ ಬಂತು. ಮಕ್ಕಳ ಮನಸ್ಸಿನ ಆರೋಗ್ಯದ ಕಾರ್ಯಕ್ರಮವನ್ನು ಒಂದು ವಾರವೂ ತಪ್ಪದಂತೆ ನಡೆಸಿದ ಶಾಲೆ ಎಂದು. ಒಂದೂ ದೂರಿಲ್ಲದ ಶಾಲೆ ಎಂದು. ನನ್ನ ಇಪ್ಪತ್ತಮೂರು ಸಾಲುಗಳನ್ನು ಯಾರೋ ಕೂಡಿಸಿ ಕೊಟ್ಟ ಬಹುಮಾನ ಅದು. ನನ್ನ ಮೇಜಿನ ಮೇಲಿನ ಗೋಡೆಗೆ ಅದನ್ನು ನೇತುಹಾಕಿದ್ದಾರೆ, ಅಲ್ಲಿ ಮೊಳೆ ಮೊದಲೇ ಇತ್ತು ಎಂಬ ಕಾರಣಕ್ಕೆ. ಅದರ ಕೆಳಗೆ ಕೂತು ನಿನಗೆ ಬರೆಯುತ್ತಿದ್ದೇನೆ. ಗೋಡೆಪಟವನ್ನು ಮಡಚಿ ಡಬ್ಬದಲ್ಲಿಟ್ಟಿದ್ದಾರೆ, ತಪಾಸಣೆಗೆ ಬೇಕೆಂದಾಗ ತೆಗೆಯುತ್ತಾರೆ. ಪೆಟ್ಟಿಗೆಯನ್ನು ಮಾತ್ರ ಈಗ ನಾನು ಪ್ರತಿ ಶುಕ್ರವಾರ ತೆಗೆಯುತ್ತೇನೆ, ಆಯಾ ಪಕ್ಕದಲ್ಲಿ ನಿಲ್ಲುತ್ತಾಳೆ. ಏಳು ವಾರದಿಂದ ಒಂದು ಚೀಟಿಯೂ ಬಿದ್ದಿಲ್ಲ. ಈಗ ಖಾಲಿ ಎಂದು ಬರೆದರೆ ಅದು ನಿಜ.

ಚೂಟಿಯ ವರ್ಗಾವಣೆ ಪತ್ರವನ್ನು ನಿಮ್ಮೂರಿನ ಹುಡುಗಿಯರ ಶಾಲೆಗೆ ಕಳಿಸಿದವಳೂ ನಾನೇ. "ನಡತೆ" ಎಂಬಲ್ಲಿ ಉತ್ತಮ ಎಂದು ಬರೆಯುವಾಗ ಅಕ್ಷರ ತಪ್ಪಿ ಹಾಳೆ ಬದಲಿಸಬೇಕಾಯಿತು. ಅರ್ಧ ದಿನವಾದರೂ ಹೋಗಿ ಕೂರುತ್ತಿದ್ದಾಳಂತೆ, ಅಲ್ಲಿನ ಗುಮಾಸ್ತರು ಫೋನಿನಲ್ಲಿ ಹೇಳಿದರು. ಒಬ್ಬಳು ಗೆಳತಿಯೂ ಆಗಿದ್ದಾಳಂತೆ. ಅವಳನ್ನು ಓಡು ಎನ್ನಬೇಡ, ಓಡಬೇಡ ಎಂದೂ ಹೇಳಬೇಡ. ಡಾಕ್ಟರಮ್ಮ ಹೇಳಿದ ಹಾಗೆ ಅವಳ ಜೊತೆಗೇ ಕೂತು ನೀನೂ ತಿನ್ನು, ತಟ್ಟೆ ನೋಡಬೇಡ, ಬೇರೆ ಮಾತಾಡು. ನಮ್ಮವರು ಅವಳಿಗೆ ಆಶೀರ್ವಾದ ಹೇಳಿದ್ದಾರೆ, ಅವಳ ಸೈಕಲ್ಲಿಗೆ ಎಣ್ಣೆ ಬಿಟ್ಟು ಒರೆಸಿ ಇಟ್ಟಿದ್ದಾರೆ, ಬೇಕೆಂದರೆ ಬಸ್ಸಿನ ಮೇಲೆ ಹಾಕಿ ಕಳಿಸುತ್ತಾರೆ. ಅವಳಿಗೆ ನನ್ನ ಮುತ್ತು ಕೊಡು ಎಂದು ಬರೆಯುವ ಮುಖ ನನಗಿಲ್ಲ. ನಿನ್ನ ಆರೋಗ್ಯ ನೋಡಿಕೋ. ಮಂಡಿಗೆ ಬಿಸಿನೀರಿನ ಚೀಲ ಇಡುವುದನ್ನು ಬಿಡಬೇಡ.

ಇಂತಿ,
ನಿನ್ನಿಂದ ಬೈಸಿಕೊಳ್ಳಲು ಕಾದಿರುವ ತಂಗಿ

ಮರೆತ ಮಾತು: ಕಾಗದ ಮಡಚುವ ಹೊತ್ತಿಗೆ ಅಂಚೆ ಬಂತು, ಬಿಚ್ಚಿದವಳು ನಾನೇ. ಓಟದ ಮೇಷ್ಟ್ರಿಗೆ ಬಡ್ತಿ ಕೊಟ್ಟಿದ್ದಾರೆ. ನಿಮ್ಮೂರಿನ ಎಲ್ಲ ಹುಡುಗಿಯರ ಶಾಲೆಗಳಿಗೆ ಕ್ರೀಡಾ ಮೇಲ್ವಿಚಾರಕ, ಮುಂದಿನ ತಿಂಗಳು ಒಂದನೇ ತಾರೀಖಿನಿಂದ. ಚೂಟಿಯ ಶಾಲೆ ಪಟ್ಟಿಯಲ್ಲಿ ಎರಡನೆಯದು. ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗುವ ಮುಂಚೆ ನೀನು ಹೇಳು. ದೂರಿನ ಅರ್ಜಿ ಇದರೊಳಗೇ ಇಟ್ಟಿದ್ದೇನೆ. ತಾಯಿಯ ಸಹಿ ಇದ್ದರೆ ಆದೇಶವನ್ನು ತಡೆಹಿಡಿಯಲೇಬೇಕು ಎಂದು ತರಬೇತಿಯ ಹುಡುಗಿ ಹೇಳುತ್ತಾಳೆ, ಅವಳಿಗೆ ನಿಯಮ ಗೊತ್ತು. ಎಲ್ಲ ತುಂಬಿದ್ದೇನೆ. "ಕರ್ತವ್ಯಲೋಪ ಮಾಡಿದವರು" ಎಂಬ ಜಾಗದಲ್ಲಿ ಮೊದಲ ಹೆಸರು ನನ್ನದು, ಅದನ್ನು ಕರುಣೆಯಿಂದ ಹೊಡೆದುಹಾಕಬೇಡ, ನನ್ನ ಹೆಸರಿದ್ದರೆ ಮಾತ್ರ ರಿಜಿಸ್ಟರು ಸಾಕ್ಷಿಯಾಗುತ್ತದೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ಕೆಳಗೆ ಬಲಗಡೆ ಸಹಿ ಮಾಡಿ ಸೋಮವಾರದ ಅಂಚೆಗೆ ಹಾಕು.